ಯೋಜನೆ ತಪ್ಪಿದಲ್ಲಿ ತಿದ್ದುವವರು ಯಾರು?



ನಮ್ಮ ಲೈನಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ಟೀ ಎಲೆ ಕಿತ್ತವರು. ಎಲೆಯ ಕರೆ ಹತ್ತಿ, ಚಳಿಗೆ ಒಡೆದು, ಮತ್ತೆ ಕೂಡಿ, ಅವರ ಬೆರಳ ತುದಿಗಳು ಈಗ ಹೊಳೆಯ ಕಲ್ಲಿನಂತೆ ನಯವಾಗಿವೆ. ರೇಷನ್ ಅಂಗಡಿಗೆ ಬೆರಳೊತ್ತುವ ಯಂತ್ರ ಬಂದ ಮೇಲೆ ಒಂದು ದಿನ ಅವರು ಬರಿ ಚೀಲ ಹಿಡಿದು ಹಿಂದಕ್ಕೆ ಬಂದರು. ಯಂತ್ರ ಅವರನ್ನು ಗುರುತಿಸಲಿಲ್ಲ. ಕೈ ತೊಳೆದು ಬನ್ನಿ ಎಂದರು, ತೊಳೆದರು. ನಿಂಬೆಹಣ್ಣು ಉಜ್ಜಿಕೊಂಡು ಬನ್ನಿ ಎಂದರು, ಉಜ್ಜಿದರು. ಮೂರನೆಯ ಸಲ ನಾನೇ ಜೊತೆಗೆ ಹೋದೆ. ಹತ್ತು ಬೆರಳು ಒತ್ತಿದರೂ ಯಂತ್ರ ಒಲ್ಲೆನೆಂದಿತು.

“ಉಪದೇಶಿ ಅಯ್ಯಾ, ಇಷ್ಟು ವರ್ಷ ಈ ಬೆರಳು ತೋಟಕ್ಕೆ ಸರಿಯಾಗಿತ್ತು. ಅಕ್ಕಿಗೆ ಮಾತ್ರ ಸರಿಯಿಲ್ಲವಂತೆ” ಎಂದರು ಅಜ್ಜಿ.

ಅಂಗಡಿಯಲ್ಲಿ ಕುಳಿತಿದ್ದ ಹುಡುಗ ಕೆಟ್ಟವನಲ್ಲ. ಅವನೂ ಒಂದು ಲೈನಿನಲ್ಲಿ ಹುಟ್ಟಿ ಬೆಳೆದವನೇ. “ಅಣ್ಣಾ, ಅಜ್ಜಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಆದರೆ ಯಂತ್ರ ಒಪ್ಪದೆ ಅಕ್ಕಿ ಅಳೆದುಕೊಟ್ಟರೆ ಲೆಕ್ಕ ನನ್ನ ತಲೆಗೆ ಬರುತ್ತದೆ” ಎಂದ.

ಆ ಹುಡುಗನ ಮಾತೇ ಈ ಲೇಖನದ ವಿಷಯ. ಅಜ್ಜಿ ಯಾರೆಂದು ಅವನಿಗೆ ಗೊತ್ತು. ಅವರಿಗೆ ಅಕ್ಕಿ ಸಲ್ಲಬೇಕೆಂದು ಗೊತ್ತು. ಏನು ಮಾಡಿದರೆ ತೊಂದರೆ ತೀರುತ್ತದೆಂದೂ ಗೊತ್ತು. ಆದರೆ ಅದನ್ನು ಮಾಡುವ ಅಧಿಕಾರ ಅವನಿಗಿಲ್ಲ. ‘ನಿನ್ನ ಅಂಗಡಿಯಲ್ಲಿ ಏನು ನಡೆಯುತ್ತಿದೆ?’ ಎಂದು ಅವನನ್ನು ಕೇಳುವ ಮೇಲಧಿಕಾರಿಯೂ ಇಲ್ಲ. ಬೆರಳು ಹೊಂದಲಿಲ್ಲವೆಂಬ ಕಾರಣಕ್ಕೆ ಯಾರಿಗೂ ರೇಷನ್ ನಿರಾಕರಿಸಬಾರದು, ಬೇರೆ ದಾರಿಯಲ್ಲಿ ಗುರುತಿಸಿ ಕೊಡಬೇಕು ಎಂದು ಕೇಂದ್ರ ಸರಕಾರವೇ 2017ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ತಿಳಿಸಿತ್ತು. ಆ ಕಾಗದ ದೆಹಲಿಯಿಂದ ಹೊರಟದ್ದು ನಿಜ. ನಮ್ಮ ಗುಡ್ಡದ ಅಂಗಡಿಯವರೆಗೆ ಅದು ಹತ್ತಿ ಬರಲಿಲ್ಲ.

ಇಂಥ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತೇವೆ. ‘ಅಧಿಕಾರಿಗಳು ಕಳ್ಳರು’ ಎನ್ನುತ್ತೇವೆ. ಇಲ್ಲವೇ ‘ಯೋಜನೆಯೇ ಸರಿಯಿಲ್ಲ, ಹೊಸದು ಬರಬೇಕು’ ಎನ್ನುತ್ತೇವೆ. ಎರಡರಲ್ಲೂ ಸ್ವಲ್ಪ ಸತ್ಯವಿರಬಹುದು. ಆದರೆ ಸಂಘದ ಕೆಲಸದಲ್ಲಿ ಹಲವು ವರ್ಷ ಕಚೇರಿ ಮೆಟ್ಟಿಲು ಹತ್ತಿ ಇಳಿದ ಮೇಲೆ ನನಗೆ ಬೇರೆಯೇ ಒಂದು ಸಂಗತಿ ಹೊಳೆದಿದೆ. ಯಾವ ಯೋಜನೆಯೂ ಹುಟ್ಟುವಾಗಲೇ ಸರಿಯಾಗಿ ಹುಟ್ಟುವುದಿಲ್ಲ. ಜಾರಿಗೆ ತರುತ್ತ, ನೋಡುತ್ತ, ತಿದ್ದುತ್ತ ಹೋದರೆ ಮಾತ್ರ ಅದು ಸರಿಯಾಗುತ್ತದೆ. ಹಾಗೆ ತಿದ್ದುವ ವಿದ್ಯೆಯನ್ನು ಅಧಿಕಾರಿಗಳೂ ಕಲಿಯಬೇಕು, ನಾವೂ ಕಲಿಯಬೇಕು. ನನ್ನ ಅಭಿಪ್ರಾಯ ಇಷ್ಟೇ.

ಕಾಯಿದೆಯೂ ಕಲಿಯುತ್ತದೆ, ಆದರೆ ನಿಧಾನವಾಗಿ

ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದ ಕಾಯಿದೆಯನ್ನೇ ತೆಗೆದುಕೊಳ್ಳೋಣ. 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಬಂತು. ಮನೆ, ನೀರು, ಆಸ್ಪತ್ರೆ, ಕೂಸುಗಳಿಗೆ ಕ್ರೆಶ್ ಎಲ್ಲವೂ ಅದರಲ್ಲಿದ್ದವು. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಕ್ರೆಶ್ ಇರಬೇಕೆಂಬುದು ನಿಯಮ. ಆದರೆ ತಾಯಂದಿರು 50 ಜನ ಇಲ್ಲದಿದ್ದರೂ ಲೈನಿನಲ್ಲಿ ಕೂಸುಗಳು ಇರುತ್ತಾರಲ್ಲವೇ? ಗುತ್ತಿಗೆದಾರನ ಕೈಕೆಳಗೆ ಬಂದ ಹೆಂಗಸರ ಗತಿ ಏನು? 1981ರ ತಿದ್ದುಪಡಿಯಲ್ಲಿ ಇದಕ್ಕೆ ಉತ್ತರ ಬಂತು. ಗುತ್ತಿಗೆಯ ಹೆಂಗಸರನ್ನೂ ಎಣಿಕೆಗೆ ಸೇರಿಸಬೇಕು, ಹೆಂಗಸರು ಕಡಿಮೆಯಿದ್ದರೂ ಅವರ ಮಕ್ಕಳು 20 ಮಂದಿ ಇದ್ದರೆ ಕ್ರೆಶ್ ಇರಲೇಬೇಕು ಎಂದು ಬಿಡಿಸಿ ಬರೆದರು. ಮಗುವನ್ನೇ ಎಣಿಸಬೇಕೆಂಬ ಸಾದಾ ಮಾತು ಕಾಯಿದೆಯೊಳಗೆ ಬರಲು 30 ವರ್ಷ ಹಿಡಿಯಿತು. ಆ 30 ವರ್ಷಗಳಲ್ಲಿ ಎಷ್ಟು ಕೂಸುಗಳು ಟೀ ಗಿಡದ ಕೆಳಗೆ ಗೋಣಿಯ ಮೇಲೆ ಮಲಗಿ ಬೆಳೆದವೋ ದೇವರಿಗೇ ಗೊತ್ತು.

ಈಗ ಆ ಕಾಯಿದೆಯೂ ಇಲ್ಲ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗಳ ಸಂಹಿತೆಯಲ್ಲಿ ಅದನ್ನು ಸೇರಿಸಿ, 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿದ್ದಾರೆ. ಅವುಗಳ ಒಳಿತು ಕೆಡುಕುಗಳನ್ನು ಕುರಿತು ಸಂಘಗಳು ಹೋರಾಡುತ್ತಿವೆ. ಅದು ಬೇರೆ ಲೇಖನಕ್ಕೆ ಇರಲಿ. ನಾನು ಹೇಳುವುದು ಒಂದೇ. ಹೊಸ ಸಂಹಿತೆ ನಮ್ಮ ಲೈನಿಗೆ ಇಳಿದು ಬರುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಹರಿಯುತ್ತದೆ ಎಂದು ಮೊದಲು ಕಾಣುವವರು ನಾವು. ಈ ಸಲವೂ 30 ವರ್ಷ ಕಾಯಬೇಕೇ?

ತಪ್ಪಿನ ಮುಂದೆ ಮೂರು ಬಗೆ

1980ರಲ್ಲಿ ಡೇವಿಡ್ ಕಾರ್ಟನ್ ಎಂಬ ಅಮೆರಿಕದ ವಿದ್ವಾಂಸರು ಏಷ್ಯಾದ ಐದು ಗ್ರಾಮೀಣ ಕಾರ್ಯಗಳನ್ನು ಪರಿಶೀಲಿಸಿ ಒಂದು ಲೇಖನ ಬರೆದರು. ನಮ್ಮ ದೇಶದ ಹಾಲು ಉತ್ಪಾದಕರ ಸಹಕಾರ ಚಳವಳಿಯೂ ಆ ಐದರಲ್ಲಿ ಒಂದು. ಕಚೇರಿಯಲ್ಲಿ ಬರೆದ ನಕ್ಷೆಯನ್ನು ಹಾಗೆಯೇ ಇಳಿಸಿದ್ದರಿಂದ ಇವು ಗೆಲ್ಲಲಿಲ್ಲ, ಜನರ ನಡುವೆ ಇದ್ದು ತಪ್ಪು ಮಾಡಿ ಕಲಿತದ್ದರಿಂದ ಗೆದ್ದವು ಎಂಬುದು ಅವರು ಕಂಡ ಸಂಗತಿ. ತಪ್ಪನ್ನು ಎದುರಿಸುವುದರಲ್ಲಿ ಸಂಸ್ಥೆಗಳು ಮೂರು ಬಗೆಯೆಂದು ಅವರು ಹೇಳುತ್ತಾರೆ. ಮೊದಲನೆಯದು ತಪ್ಪೇ ಆಗಿಲ್ಲವೆಂದು ತನ್ನನ್ನು ತಾನೇ ವಂಚಿಸಿಕೊಳ್ಳುವುದು. ಎರಡನೆಯದು ತಪ್ಪನ್ನು ಕಂಡು ಸೋತು ಕೈಚೆಲ್ಲುವುದು. ಮೂರನೆಯದು ತಪ್ಪನ್ನು ಒಪ್ಪಿಕೊಂಡು ಅದರಿಂದ ಕಲಿಯುವುದು.

ಇದನ್ನು ಓದಿದಾಗ ನನಗೆ ನಮ್ಮ ಕಚೇರಿಗಳೇ ಕಣ್ಣಮುಂದೆ ಬಂದವು. ಅಜ್ಜಿಯ ಸಂಗತಿಯನ್ನು ಹೇಳಲು ಹೋದಾಗ ಒಂದು ಕಚೇರಿಯಲ್ಲಿ ಸಿಕ್ಕಿದ ಉತ್ತರ ಹೀಗಿತ್ತು: “ಕಂಪ್ಯೂಟರಿನಲ್ಲಿ ಅಂಥ ದೂರು ಒಂದೂ ಇಲ್ಲವಲ್ಲ.” ಹಿಂದಕ್ಕೆ ಕಳುಹಿಸಲ್ಪಟ್ಟವರ ಹೆಸರು ಕಂಪ್ಯೂಟರಿಗೆ ಹೋಗುವುದೇ ಇಲ್ಲ, ಅಕ್ಕಿ ಪಡೆದವರ ಹೆಸರು ಮಾತ್ರ ಹೋಗುತ್ತದೆ. ಹಾಗಾಗಿ ಆ ಕಚೇರಿಯ ಲೆಕ್ಕದಲ್ಲಿ ಎಲ್ಲರೂ ಸುಖವಾಗಿದ್ದಾರೆ. ಇದು ಮೊದಲನೆಯ ಬಗೆ. ಇನ್ನೊಂದು ಕಡೆ ಒಬ್ಬ ಹಿರಿಯ ಗುಮಾಸ್ತರು ನಿಟ್ಟುಸಿರು ಬಿಟ್ಟು, “ಏನು ಮಾಡೋಣ, ಮೇಲಿನಿಂದ ಬಂದದ್ದು” ಎಂದರು. ಇದು ಎರಡನೆಯ ಬಗೆ. ಮೂರನೆಯ ಬಗೆಯವರು ಅಪರೂಪ. ಆದರೆ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ.

ಇತ್ತೀಚೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಮ್ಯಾಟ್ ಆಂಡ್ರೂಸ್, ಲ್ಯಾಂಟ್ ಪ್ರಿಚೆಟ್, ಮೈಕೆಲ್ ವುಲ್‌ಕಾಕ್ ಎಂಬ ಮೂವರು ಇದೇ ವಿದ್ಯೆಯನ್ನು ಅನೇಕ ದೇಶಗಳ ಸರಕಾರಿ ನೌಕರರಿಗೆ ಕಲಿಸಿದ್ದಾರೆ. 2017ರಲ್ಲಿ ಪುಸ್ತಕವನ್ನೂ ಬರೆದಿದ್ದಾರೆ. ಅವರ ಪಾಠದ ಸಾರ ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಷ್ಟು: ಪರಿಹಾರವನ್ನು ಹೊತ್ತುಕೊಂಡು ಬರಬೇಡ, ಮೊದಲು ಜನರ ತೊಂದರೆಯನ್ನು ನೋಡು. ಒಂದೇ ಸಲಕ್ಕೆ ದೊಡ್ಡದಾಗಿ ಮಾಡಬೇಡ, ಚಿಕ್ಕದಾಗಿ ಮಾಡಿ ನೋಡು. ಕೆಲವು ದಿನಕ್ಕೊಮ್ಮೆ ನಿಂತು ‘ಏನು ಕಲಿತೆವು’ ಎಂದು ಕೇಳು. ಕೆಳಗೆ ಕೆಲಸ ಮಾಡುವವನಿಗೆ ಪ್ರಯತ್ನಿಸಿ ನೋಡುವ ಅಧಿಕಾರ ಕೊಡು. ಇನ್ನೊಬ್ಬರ ವೇಷವನ್ನು ಹಾಕಿಕೊಂಡು ಕೆಲಸವಾಯಿತೆಂದು ತೋರಿಸುವ ಚಟದ ಮೇಲೂ ಅವರು ಕಟುವಾಗಿ ಬರೆದಿದ್ದಾರೆ. ನಮಗೆ ಅದಕ್ಕೆ ಉದಾಹರಣೆ ಬೇಕೇ? ಗೋಡೆಗೆ ಬಣ್ಣ, ಬಾಗಿಲ ಮೇಲೆ ಕ್ರೆಶ್ ಎಂಬ ಬೋರ್ಡು, ಒಳಗೆ ತೊಟ್ಟಿಲು, ಬಾಗಿಲಿಗೆ ಬೀಗ. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಆಯಾ ಬರುತ್ತಾಳೆ. ಇಂಥದನ್ನು ಕಾಣದ ತೋಟದ ತಾಯಿ ಯಾರು?

ಉಪ್ಪು ಬೆಲ್ಲದ ಪಾಠ

ಕಲಿತು ತಿದ್ದಿಕೊಂಡ ಕೆಲಸಕ್ಕೆ ನಾನು ಕೇಳಿದವುಗಳಲ್ಲಿ ಬಹಳ ಒಳ್ಳೆಯ ಉದಾಹರಣೆ ಬಾಂಗ್ಲಾದೇಶದ್ದು. 1971ರ ಯುದ್ಧದಲ್ಲಿ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡ ಬೆರೆಸಿದ ನೀರನ್ನು ಕುಡಿಸಲು ಧೈರ್ಯ ಮಾಡಿದರು. ನೂರಕ್ಕೆ ಸುಮಾರು 30ರಂತೆ ಸಾಯುತ್ತಿದ್ದಲ್ಲಿ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು.

ಔಷಧಿ ಸಿಕ್ಕಿತು. ಆದರೆ ಅದು ಹಳ್ಳಿಯ ತಾಯಿಯ ಕೈಗೆ ಮುಟ್ಟಬೇಕಲ್ಲ? ಫಜ್ಲೆ ಹಸನ್ ಅಬೇದ್ ಸ್ಥಾಪಿಸಿದ ಬ್ರಾಕ್ ಸಂಸ್ಥೆ 1979ರಲ್ಲಿ ಒಂದು ಪ್ರಯೋಗ ಆರಂಭಿಸಿತು. ಹೆಂಗಸರು ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಎಷ್ಟು ಮನೆ ಸುತ್ತಿದೆ ಎಂದು ಲೆಕ್ಕ ಹಾಕಿ ಸಂಬಳ ಕೊಡಲಿಲ್ಲ. ಬೇರೊಬ್ಬರು ನಂತರ ಹೋಗಿ ಕೆಲವು ಮನೆಗಳಲ್ಲಿ ಪರೀಕ್ಷಿಸಿ, ತಾಯಿ ಎಷ್ಟು ಕಲಿತಿದ್ದಾಳೆ ಎಂಬುದರ ಮೇಲೆ ಕೊಟ್ಟರು. ತಾಯಿ ಮಾಡಿದ ನೀರಿನಲ್ಲಿ ಉಪ್ಪು ಹೆಚ್ಚಾಗಿದೆಯೇ ಎಂದು ಪ್ರಯೋಗಶಾಲೆಗೆ ಕಳುಹಿಸಿ ನೋಡಿದರು.

ಪರೀಕ್ಷೆಯಲ್ಲಿ ತಾಯಂದಿರು ಚೆನ್ನಾಗಿ ತೇರ್ಗಡೆಯಾದರು. ಇಲ್ಲಿಗೇ ನಿಂತು ಬಹುಮಾನ ಹಂಚಿ ಫೋಟೋ ತೆಗೆಸಿಕೊಳ್ಳಬಹುದಾಗಿತ್ತು. ಆದರೆ ಅವರು ಇನ್ನೊಂದು ಪ್ರಶ್ನೆ ಕೇಳಿದರು: ಮಗುವಿಗೆ ನಿಜವಾಗಿ ಭೇದಿಯಾದಾಗ ಈ ನೀರನ್ನು ಕುಡಿಸುತ್ತಿದ್ದಾರೆಯೇ? ಉತ್ತರ ನಿರಾಶೆಯದು. ಕುಡಿಸುವವರು ಬಹಳ ಕಡಿಮೆ. ಏಕೆಂದು ಹುಡುಕಿದರು. ಕಲಿಸಲು ಹೋದ ನೌಕರರಲ್ಲೇ ಅನೇಕರಿಗೆ ಆ ನೀರಿನಲ್ಲಿ ನಂಬಿಕೆಯಿರಲಿಲ್ಲ. ತಮ್ಮ ಮನೆಯಲ್ಲಿ ಭೇದಿಯಾದರೆ ಅವರು ಮಾತ್ರೆಯನ್ನೇ ನುಂಗುತ್ತಿದ್ದರು. ಆಗ ಅವರನ್ನು ಢಾಕಾದ ಆಸ್ಪತ್ರೆಗೆ ಕರೆದೊಯ್ದು ಬಾಡಿದ ಮಕ್ಕಳು ಆ ನೀರಿನಿಂದ ಚೇತರಿಸಿಕೊಳ್ಳುವುದನ್ನು ಕಣ್ಣಾರೆ ತೋರಿಸಿದರು. ಇನ್ನೊಂದು ಕಾರಣ ಗಂಡಸರು. ಹೆಂಗಸರಿಗೆ ಮಾತ್ರ ಹೇಳಿದ್ದರಿಂದ ಗಂಡಂದಿರು ಇದನ್ನು ಒಪ್ಪುತ್ತಿರಲಿಲ್ಲ. ಆಮೇಲೆ ಗಂಡಸರನ್ನೂ ಕೂಡಿಸಿ ಹೇಳಿದರು. ಹೀಗೆ ಹೆಜ್ಜೆಹೆಜ್ಜೆಗೆ ತಿದ್ದುತ್ತ 1990ರ ಹೊತ್ತಿಗೆ ಸುಮಾರು 1 ಕೋಟಿ 20 ಲಕ್ಷ ಮನೆಗಳನ್ನು ಮುಟ್ಟಿದರು.

(ತಾಯಂದಿರು ಗಮನಿಸಿರಿ: ಈಗ ಅಂಗನವಾಡಿಯಲ್ಲೂ ಸರಕಾರಿ ಆಸ್ಪತ್ರೆಯಲ್ಲೂ ಓ.ಆರ್.ಎಸ್. ಪೊಟ್ಟಣ ಸಿಗುತ್ತದೆ. ಅಳತೆ ತಪ್ಪುವ ಭಯವಿಲ್ಲದ್ದರಿಂದ ಅದನ್ನೇ ಬಳಸುವುದು ಉತ್ತಮ.)

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಆ ಎರಡನೆಯ ಪ್ರಶ್ನೆ. ‘ಕಲಿಸಿದೆವು’ ಎಂಬುದಕ್ಕೂ ‘ಮಗು ಉಳಿಯಿತು’ ಎಂಬುದಕ್ಕೂ ನಡುವೆ ಒಂದು ಕಣಿವೆಯಿದೆ. ‘ಕಾರ್ಡು ಕೊಟ್ಟೆವು’ ಎಂಬುದಕ್ಕೂ ‘ಅಜ್ಜಿ ಉಂಡರು’ ಎಂಬುದಕ್ಕೂ ನಡುವೆ ಅದೇ ಕಣಿವೆ. ಕಣಿವೆಯ ಆಚೆ ದಡದಲ್ಲಿ ನಿಂತು ನೋಡುವವರು ಬೇಕು.

ನಗಡಿಯ ಜನ ನಡೆದು ತಿಳಿಸಿದ್ದು

ನಮ್ಮ ತೋಟಗಳಿಗೆ ಈಗ ಜಾರ್ಖಂಡಿನ ಸಹೋದರ ಸಹೋದರಿಯರು ಕೆಲಸಕ್ಕೆ ಬರುತ್ತಿದ್ದಾರೆ. ಅವರ ಊರ ಕಡೆಯ ಒಂದು ಸಂಗತಿ ಕೇಳಿರಿ. 2017ರ ಅಕ್ಟೋಬರಿನಲ್ಲಿ ರಾಂಚಿ ಜಿಲ್ಲೆಯ ನಗಡಿ ಬ್ಲಾಕಿನಲ್ಲಿ ಸರಕಾರ ಒಂದು ಪ್ರಯೋಗ ಮಾಡಿತು. ಅಲ್ಲಿಯವರೆಗೆ ಅಂಗಡಿಯಲ್ಲಿ ಕಿಲೋಗೆ 1 ರೂಪಾಯಿ ಕೊಟ್ಟು ಅಕ್ಕಿ ತರುತ್ತಿದ್ದರು. ಇನ್ನು ಮೇಲೆ ಹಣವನ್ನು ಬ್ಯಾಂಕಿಗೆ ಹಾಕುತ್ತೇವೆ, ಅದಕ್ಕೆ ನಿಮ್ಮ 1 ರೂಪಾಯಿ ಸೇರಿಸಿ ಕಿಲೋಗೆ 32 ರೂಪಾಯಿಯಂತೆ ಅಂಗಡಿಯಲ್ಲಿ ಕೊಂಡುಕೊಳ್ಳಿ ಎಂದರು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಣ ಬಂತೋ ಇಲ್ಲವೋ ತಿಳಿಯಲು ಬ್ಯಾಂಕಿಗೆ ನಡೆಯಬೇಕು, ತೆಗೆಯಲು ಸಾಲು ನಿಲ್ಲಬೇಕು, ಮತ್ತೆ ಅಂಗಡಿಗೆ ಹೋಗಬೇಕು. ಅಷ್ಟರಲ್ಲಿ ಎರಡು ಮೂರು ದಿನದ ಕೂಲಿ ಹೋಯಿತು. ಮುದುಕರು, ಕಾಲಿಲ್ಲದವರು ಏನು ಮಾಡಬೇಕು?

ಜನ ಸುಮ್ಮನಿರಲಿಲ್ಲ. 2018ರ ಫೆಬ್ರವರಿಯಲ್ಲಿ ನಗಡಿಯಿಂದ ರಾಂಚಿಗೆ ಕಾಲ್ನಡಿಗೆಯಲ್ಲಿ ಹೋದರು. ಸರಕಾರವೇ ನಡೆಸಿದ ಸಾಮಾಜಿಕ ಲೆಕ್ಕಪರಿಶೋಧನೆಯಲ್ಲೂ ಬಹುಪಾಲು ಮನೆಗಳು ಹಳೆಯ ಪದ್ಧತಿಯೇ ಬೇಕೆಂದವು. 2018ರ ಆಗಸ್ಟಿನಲ್ಲಿ ಪ್ರಯೋಗವನ್ನು ಕೈಬಿಟ್ಟರು. ಇಡೀ ರಾಜ್ಯಕ್ಕೆ ಒಂದೇ ದಿನ ಹೇರಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ. ಚಿಕ್ಕದಾಗಿ ಮಾಡಿ ನೋಡಿದ್ದರಿಂದ ಹಾನಿ ಒಂದು ಬ್ಲಾಕಿನಲ್ಲಿ ನಿಂತಿತು. ಆದರೂ ಹಿಂತೆಗೆಯಲು ಹತ್ತು ತಿಂಗಳು ಬೇಕಾಯಿತು. ಪ್ರಯೋಗ ಮಾಡುವವನು ಎಂದು ನಿಲ್ಲಿಸಬೇಕು, ಯಾರ ಮಾತು ಕೇಳಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ಹೇಳಿರಬೇಕು. ಇಲ್ಲವಾದರೆ ಬಡವರ ಹೊಟ್ಟೆಯ ಮೇಲೆ ಪ್ರಯೋಗ ನಡೆದಂತಾಗುತ್ತದೆ.

ನಮ್ಮ ತಮಿಳುನಾಡಿನಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಹೋದ ಉದಾಹರಣೆಯೂ ಇದೆ. ಶಾಲೆಯ ಬೆಳಗಿನ ಉಪಾಹಾರ ಯೋಜನೆಯನ್ನು 2022ರ ಸೆಪ್ಟೆಂಬರಿನಲ್ಲಿ 1,545 ಸರಕಾರಿ ಶಾಲೆಗಳಲ್ಲಿ ಆರಂಭಿಸಿ, 2023ರ ಆಗಸ್ಟಿನಲ್ಲಿ ರಾಜ್ಯದ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೂ, 2024ರ ಜುಲೈಯಲ್ಲಿ ಗ್ರಾಮಾಂತರದ ಅನುದಾನಿತ ಶಾಲೆಗಳಿಗೂ ವಿಸ್ತರಿಸಿದರು. ಬೆಳಗ್ಗೆ ಎಂಟಕ್ಕೆ ಮಸ್ಟರಿಗೆ ಓಡುವ ತಾಯಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನೋಟ್‌ಬುಕ್ಕು

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ದೂರು ಕಂಪ್ಯೂಟರಿನಲ್ಲಿ ಇಲ್ಲವೆಂದ ಮೇಲೆ ನಾವು ಸಂಘದ ನಾಲ್ವರು ಸೇರಿ 200 ಪುಟದ ಒಂದು ನೋಟ್‌ಬುಕ್ಕು ಕೊಂಡೆವು. ಬರಿ ಚೀಲದೊಂದಿಗೆ ಹಿಂತಿರುಗಿದವರ ಹೆಸರು, ತಾರೀಕು, ಕಾರಣ, ಕಳೆದುಕೊಂಡ ಕೂಲಿ ಇಷ್ಟನ್ನು ಬರೆದೆವು. ಮೂರು ತಿಂಗಳು ಬರೆದೆವು. ಬರೆಯುತ್ತ ಹೋದಂತೆ ನಮಗೇ ಆಶ್ಚರ್ಯವಾಯಿತು. ಬೆರಳೇ ಮುಖ್ಯ ಕಾರಣವೆಂದು ನಾವು ಕೂಗಾಡುತ್ತಿದ್ದೆವು. ನೋಟ್‌ಬುಕ್ಕು ಬೇರೆ ಹೇಳಿತು. ಹೆಚ್ಚಿನವರು ಹಿಂತಿರುಗಿದ್ದು ಗುಡ್ಡದ ಆ ಮಗ್ಗುಲಲ್ಲಿ ಸಿಗ್ನಲ್ ಸಿಗದೆ ಯಂತ್ರ ನಿಂತುಹೋದ ದಿನಗಳಲ್ಲಿ. ಎರಡನೆಯ ಕಾರಣ ಹೊತ್ತು: ಎಲೆ ತೂಕ ಹಾಕಿ ಇಳಿದು ಬರುವಷ್ಟರಲ್ಲಿ ಅಂಗಡಿ ಮುಚ್ಚುತ್ತಿತ್ತು. ಬೆರಳು ಮೂರನೆಯದು. ನಾವೂ ಪರಿಹಾರವನ್ನು ಮೊದಲೇ ಹೊತ್ತುಕೊಂಡು ಹೋಗಿದ್ದೆವೆಂದು ಆಗ ತಿಳಿಯಿತು.

ಆ ನೋಟ್‌ಬುಕ್ಕನ್ನು ಓದಿ ನೋಡಿದ ಒಬ್ಬ ಅಧಿಕಾರಿ ಸಿಕ್ಕಿದರು. ಕುರ್ಚಿಯಲ್ಲಿ ಕುಳಿತೇ ಉತ್ತರ ಹೇಳದೆ ಅಂಗಡಿಗೆ ಬಂದರು. ಮೊದಲು ಕಣ್ಣಿನ ಪಾಪೆ ನೋಡುವ ಯಂತ್ರ ತಂದರು. ಅದು ಕೆಲವರಿಗೆ ಹೊಂದಿತು, ಕಣ್ಣಿನಲ್ಲಿ ಪೊರೆಯಿದ್ದ ಮುದುಕರಿಗೆ ಹೊಂದಲಿಲ್ಲ. ಆಮೇಲೆ ವಾರಕ್ಕೆ ಒಂದು ದಿನ ಸಂಜೆ ಸಿಗ್ನಲ್ ಸಿಗುವ ಮಸ್ಟರ್ ಮೈದಾನದಲ್ಲೇ ಅಕ್ಕಿ ಕೊಟ್ಟು ನೋಡೋಣ ಎಂದರು. ಮೊದಲ ವಾರ ಮಳೆ ಬಂದು ಕೆಟ್ಟಿತು. ಎರಡನೆಯ ವಾರ ತೋಟದ ಎಲೆ ಶೆಡ್ಡಿನಲ್ಲಿ ನಡೆಯಿತು. ಯಾವ ಯಂತ್ರವೂ ಒಪ್ಪದವರಿಗೆ ನೋಟ್‌ಬುಕ್ಕಿನಲ್ಲಿ ಇಬ್ಬರು ನೆರೆಯವರ ಸಹಿ ಹಾಕಿಸಿ ಕೊಡುವುದೆಂದು ಆಯಿತು. ಅಜ್ಜಿಗೆ ಅಕ್ಕಿ ಬಂತು. ಯಾವ ಹೊಸ ಕಾಯಿದೆಯೂ ಇದಕ್ಕೆ ಬೇಕಾಗಲಿಲ್ಲ. ಬಂದು ನೋಡಿದ ಒಬ್ಬ ಮನುಷ್ಯನೂ ಬರೆದಿಟ್ಟ ಒಂದು ನೋಟ್‌ಬುಕ್ಕೂ ಬೇಕಾಯಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ ಅಧಿಕಾರಿಗೆ ವರ್ಗವಾಯಿತು. ಹೊಸಬರು ಬಂದರು. “ಈ ನೋಟ್‌ಬುಕ್ಕಿಗೆ ಆದೇಶ ಎಲ್ಲಿದೆ?” ಎಂದು ಕೇಳಿದರು. ಆದೇಶ ಇರಲಿಲ್ಲ. ನಾವು ಮತ್ತೆ ಮೊದಲಿನಿಂದ ಮೆಟ್ಟಿಲು ಹತ್ತಬೇಕಾಯಿತು. ಈ ಸೋಲಿನಿಂದ ನಾನು ಕಲಿತದ್ದು: ಒಳ್ಳೆಯ ಅಧಿಕಾರಿಯ ದಯೆ ಸಾಲದು. ಕಲಿತದ್ದನ್ನು ಆದೇಶವಾಗಿ ಬರೆಸಿಕೊಳ್ಳಬೇಕು. ಇಲ್ಲವಾದರೆ ಪಾಠ ಅವರ ಪೆಟ್ಟಿಗೆಯೊಂದಿಗೆ ಲಾರಿ ಹತ್ತಿ ಹೋಗುತ್ತದೆ.

ಒಂದು ನ್ಯಾಯವಾದ ಆಕ್ಷೇಪಣೆ

ನಮ್ಮ ಸಂಘದ ಹಿರಿಯರೊಬ್ಬರು ಈ ಮಾತನ್ನು ಒಪ್ಪುವುದಿಲ್ಲ. ಅವರ ವಾದವನ್ನು ಮುಚ್ಚಿಡುವುದು ನ್ಯಾಯವಲ್ಲ. “ಉಪದೇಶಿಗಳೇ, ನಿಯಮವೇ ನಮಗೆ ಇರುವ ಒಂದೇ ಕೊಡೆ. ಅದನ್ನು ಸ್ಥಳದಲ್ಲಿ ಬದಲಾಯಿಸಿಕೊಳ್ಳಿ ಎಂದು ಅಧಿಕಾರಿಗೂ ದೊರೆಗೂ ಹೇಳಿದರೆ ಅವರು ತಮಗೆ ಬೇಕಾದ ಕಡೆಗೆ ಬದಲಾಯಿಸುತ್ತಾರೆ. ಇವತ್ತು ಅಜ್ಜಿಗೆ ಅಕ್ಕಿ, ನಾಳೆ ‘ಪರಿಸ್ಥಿತಿಗೆ ತಕ್ಕಂತೆ’ ಕೂಲಿ ಕಡಿತ” ಎನ್ನುತ್ತಾರೆ.

ಅವರ ಭಯ ಸುಳ್ಳಲ್ಲ. ‘ಹೊಂದಾಣಿಕೆ’ ಎಂಬ ಮಾತಿನ ಹೆಸರಿನಲ್ಲಿ ಕಾರ್ಮಿಕರಿಂದ ಎಷ್ಟನ್ನು ಕಿತ್ತುಕೊಂಡಿದ್ದಾರೆಂದು ಮುಷ್ಕರ ಕಂಡವರಿಗೆ ಗೊತ್ತಿದೆ. ಆದುದರಿಂದ ನಾವು ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಹಕ್ಕು ಬೇರೆ, ಹಕ್ಕನ್ನು ಮುಟ್ಟಿಸುವ ದಾರಿ ಬೇರೆ. ಅಜ್ಜಿಗೆ ಇಷ್ಟು ಕಿಲೋ ಅಕ್ಕಿ ಎಂಬುದು ಹಕ್ಕು. ಅದು ಒಂದು ಹಿಡಿಯೂ ಕಡಿಮೆಯಾಗಬಾರದು. ಅದನ್ನು ಬೆರಳಿನಿಂದ ಕೊಡುವುದೇ, ಕಣ್ಣಿನಿಂದಲೇ, ನೋಟ್‌ಬುಕ್ಕಿನಿಂದಲೇ, ಅಂಗಡಿಯಲ್ಲೇ, ಶೆಡ್ಡಿನಲ್ಲೇ ಎಂಬುದು ದಾರಿ. ದಾರಿಯನ್ನು ನೂರು ಸಲ ಬದಲಾಯಿಸಲಿ. ಅಳತೆಯನ್ನು ಬದಲಾಯಿಸಲು ಬಿಡಬಾರದು. ಬದಲಾವಣೆ ಮಾಡುವಾಗ ಯಾರಿಗಾಗಿ ಮಾಡುತ್ತಾರೋ ಅವರೂ ಅಲ್ಲಿ ಕುಳಿತಿರಬೇಕು, ಮಾಡಿದ್ದು ಬರಹದಲ್ಲಿರಬೇಕು, ತಾರೀಕಿರಬೇಕು. ಈ ಮೂರು ಇಲ್ಲದ ಹೊಂದಾಣಿಕೆಯನ್ನು ನಾನೂ ಒಪ್ಪುವುದಿಲ್ಲ.

ನಮ್ಮ ಕಣ್ಣಿನ ತೊಲೆ

ಬೇರೆಯವರಿಗೆ ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಕಾರ್ಮಿಕರ ಹೆಸರು ನೋಂದಾಯಿಸುವ ಕೆಲಸವನ್ನು ಸಂಘದಿಂದ ವಹಿಸಿಕೊಂಡೆವು. ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಮೇಜು ಹಾಕಿದೆವು. ನೂರಾರು ಫಾರಂ ತುಂಬಿದವು, ಸಂತೋಷಪಟ್ಟೆವು, ವರದಿ ಬರೆದೆವು. ತಿಂಗಳುಗಳ ನಂತರ ತಿಳಿಯಿತು: ಬಂದವರೆಲ್ಲ ನಮ್ಮವರೇ, ಕನ್ನಡ ತಮಿಳು ಬಲ್ಲವರೇ, ಖಾಯಂ ಕೆಲಸದವರೇ. ತೋಟದ ಕೆಳಗಿನ ಲೈನಿನಲ್ಲಿದ್ದ ಜಾರ್ಖಂಡ್, ಅಸ್ಸಾಮಿನ ಗುತ್ತಿಗೆ ಕೂಲಿಗಳಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅವರಿಗೆ ನಮ್ಮ ಭಾಷೆ ಬಾರದು, ಅಂಗಳಕ್ಕೆ ಬರಲು ಸಂಕೋಚ. ನೆರವು ಬಹಳ ಬೇಕಾಗಿದ್ದವರೇ ನಮ್ಮ ಪಟ್ಟಿಯ ಹೊರಗೆ ಉಳಿದರು. ನಾವೂ ಕಂಪ್ಯೂಟರಿನಂತೆ ಬಂದವರನ್ನು ಮಾತ್ರ ಎಣಿಸಿದ್ದೆವು.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಇಂಥದೇ ಸಂಗತಿಯಿದೆ. ಆದಿಸಭೆಯಲ್ಲಿ ದಿನದಿನವೂ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂಬ ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರು ಗುಣುಗುಟ್ಟಿದವರನ್ನು ಗದರಿಸಲಿಲ್ಲ. ಹಂಚುವ ಪದ್ಧತಿಯನ್ನೇ ಬದಲಾಯಿಸಿದರು. ಏಳು ಮಂದಿಯನ್ನು ಸಭೆಯೇ ಆರಿಸಿತು. ಆ ಏಳು ಹೆಸರುಗಳನ್ನು ಓದಿ ನೋಡಿರಿ, ಏಳೂ ಗ್ರೀಕ್ ಹೆಸರುಗಳೇ. ದೂರಿದ ಕಡೆಯವರ ಕೈಗೇ ಸೌಟು ಕೊಟ್ಟರು. ನಾನು ವರ್ಷಗಟ್ಟಲೆ ಇದನ್ನು ಭಾನುವಾರದ ಪಾಠದಲ್ಲಿ ಹೇಳಿದ್ದೆ. ನಮ್ಮ ಮೇಜು ಹಾಕುವಾಗ ಮಾತ್ರ ನೆನಪಾಗಲಿಲ್ಲ. ಮುಂದಿನ ಸಲ ಜಾರ್ಖಂಡಿನ ಒಬ್ಬ ಯುವತಿಯನ್ನೇ ಕೇಳಿಕೊಂಡೆವು. ಅವಳು ಸಂಜೆಯ ಹೊತ್ತು ಕೆಳಗಿನ ಲೈನಿಗೆ ಹೋಗಿ ಮನೆಮನೆಯಲ್ಲಿ ಬರೆದುಕೊಂಡು ಬಂದಳು.

ಮಾಡಬೇಕಾದುದು

ಓದುಗ ಬಂಧುಗಳೇ, ಈ ಲೇಖನ ಓದಿ ಮಡಿಸಿಡುವುದಕ್ಕಲ್ಲ. ನನಗೆ ತೋಚಿದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು: ಪ್ರತಿಯೊಂದು ಲೈನಿನಲ್ಲೂ ಒಂದು ನೋಟ್‌ಬುಕ್ಕು ಇರಲಿ. ರೇಷನ್, ಕ್ರೆಶ್, ಆಸ್ಪತ್ರೆ, ಭವಿಷ್ಯನಿಧಿ ಯಾವುದೇ ಆಗಲಿ, ಸಿಕ್ಕದೆ ಹಿಂತಿರುಗಿದವರ ಹೆಸರನ್ನು ಬರೆಯಿರಿ. ಎಸ್.ಎಸ್.ಎಲ್.ಸಿ. ಓದಿದ ನಮ್ಮ ಹೆಣ್ಣುಮಕ್ಕಳು ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಎರಡು: ಹೊಸ ಕಾರ್ಮಿಕ ಸಂಹಿತೆಯ ಅಡಿಯಲ್ಲಿ ಏನು ಬದಲಾಗುತ್ತಿದೆ ಎಂಬುದನ್ನು ಈಗಿನಿಂದಲೇ ಬರೆದಿಡಿ. ಕ್ರೆಶ್ ತೆರೆದಿತ್ತೇ, ಎಷ್ಟು ಕೂಸು, ಹಾಲು ಬಂತೇ, ಆಯಾ ಬಂದಳೇ? ನಾಳೆ ಸಂಘ ಮೇಜಿನ ಮುಂದೆ ಕುಳಿತಾಗ ಈ ಬರಹವೇ ನಮ್ಮ ಬಲ.

ಮೂರು: ಕಚೇರಿಗೆ ಹೋದಾಗ ‘ಕೊಡಿ’ ಎಂದಷ್ಟೇ ಹೇಳದೆ, ‘ಒಂದು ತಿಂಗಳು ಹೀಗೆ ಮಾಡಿ ನೋಡೋಣ, ಆಮೇಲೆ ನಾವೂ ನೀವೂ ಕೂತು ಲೆಕ್ಕ ನೋಡೋಣ’ ಎಂದು ಕೇಳಿರಿ. ಹೆದರುವ ಅಧಿಕಾರಿಯೂ ಒಂದು ತಿಂಗಳಿಗೆ ಒಪ್ಪುತ್ತಾನೆ. ಸರಿಹೋದರೆ ಬರಹದಲ್ಲಿ ಆದೇಶ ಪಡೆಯಿರಿ.

ನಾಲ್ಕು: ಪಟ್ಟಿ ಮುಗಿದ ಮೇಲೆ ‘ಯಾರು ಬಂದಿಲ್ಲ?’ ಎಂದು ಕೇಳಿರಿ. ಸಂಘದ ಸಭೆಯಲ್ಲೂ ಕೇಳಿರಿ, ದೇವಾಲಯದ ಸಭೆಯಲ್ಲೂ ಕೇಳಿರಿ.

ಸರಕಾರಕ್ಕೂ ಒಂದು ಮಾತು. ಅಂಗಡಿಯ ಆ ಹುಡುಗನನ್ನು ಹೆದರಿಸಿ ಕೂರಿಸಬೇಡಿ. ಅವನಿಗೆ ತಿಳಿದದ್ದನ್ನು ಕೇಳಿ. ಸರಿಯಾದದ್ದನ್ನು ಮಾಡಿ ಬರೆದಿಟ್ಟವನಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳಿ. ತಪ್ಪು ಮಾಡಿದವನನ್ನು ಹುಡುಕುವ ಇನ್‌ಸ್ಪೆಕ್ಟರು ಬೇಕು, ನಿಜ. ‘ಇಲ್ಲಿ ಏನು ನಡೆಯುತ್ತಿಲ್ಲ, ಏಕೆ?’ ಎಂದು ಕೇಳಲು ಬರುವ ಇನ್‌ಸ್ಪೆಕ್ಟರೂ ಬೇಕು.

ಹೋದ ವಾರ ಅಜ್ಜಿಯನ್ನು ಕಂಡೆ. ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. “ಅಯ್ಯಾ, ಹೊಸ ಸಾಹೇಬರು ನೋಟ್‌ಬುಕ್ಕಿಗೆ ಒಪ್ಪಿದರಾ?” ಎಂದು ಕೇಳಿದರು. “ಇನ್ನೂ ಇಲ್ಲ ಅಜ್ಜಿ, ಮುಂದಿನ ಮಂಗಳವಾರ ಬರಹೇಳಿದ್ದಾರೆ” ಎಂದೆ. “ಹಾಗಾದರೆ ನಾನೂ ಬರುತ್ತೇನೆ. ನನ್ನ ಬೆರಳನ್ನು ಅವರೇ ಮುಟ್ಟಿ ನೋಡಲಿ” ಎಂದರು.

ಮಂಗಳವಾರ ನಾವು ಹೋಗುತ್ತೇವೆ. ಬಿಡುವಿದ್ದವರು ಬನ್ನಿರಿ.

— ಒಬ್ಬ ಉಪದೇಶಿ, ನೀಲಗಿರಿ